ಒಂದು ಅಂತಿಮ ಪಂದ್ಯದ ಹಿಂದಿನ ಅರವತ್ತು ವರ್ಷಗಳು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ನೀವು ಕುಸ್ತಿಯ ಬಗ್ಗೆ ಬರೆದಿರಿ, ಪಾರಿಜಾತದ ಬಗ್ಗೆ ಬರೆದಿರಿ, ನಮ್ಮೂರ ಫುಟ್‌ಬಾಲ್ ಕಾಕಾನ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ" ಎಂದು ಆಕ್ಷೇಪಿಸಿದ. ಆಕ್ಷೇಪ ನ್ಯಾಯವಾದುದೇ. ಗೋಕಾಕ ಫಾಲ್ಸ್‌ನಲ್ಲಿ ಓದಿದ ನಿಮ್ಮಲ್ಲಿ ಹಲವರಿಗೆ ಆ ಕಾಕಾನ ನೆನಪು ಇದ್ದೇ ಇರುತ್ತದೆ. ಅವರ ಹೆಸರನ್ನು ಬರೆಯುವುದು ಅವರ ಮನೆಯವರಿಗೆ ಸರಿಬಾರದಾದ್ದರಿಂದ ಇಲ್ಲಿಯೂ ಕಾಕಾ ಎಂದೇ ಕರೆಯುತ್ತೇನೆ. ಅವರ ನೆಪದಲ್ಲಿ ನಮ್ಮ ರಾಜ್ಯದ ಕಾಲ್ಚೆಂಡಾಟದ ಇತಿಹಾಸದ ಒಂದು ವಿಚಿತ್ರ ಸಂಗತಿಯನ್ನೂ ಹೇಳಬೇಕಾಗಿದೆ.

ನಮ್ಮೂರಿನ ಗಿರಣಿ 1885ರಲ್ಲಿ ಸ್ಥಾಪನೆಯಾದ ಕಂಪನಿಯದು. ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಜಾಗದಲ್ಲಿ, ನೀರಿನ ಬಲವನ್ನು ನಂಬಿ ಕಟ್ಟಿದ್ದು. ಕಂಪನಿಯ ವ್ಯವಹಾರವೆಲ್ಲ ಮುಂಬಯಿಯೊಡನೆ. ಆದ್ದರಿಂದ ನಮ್ಮ ಹಿರಿಯರಿಗೆ ಬೆಂಗಳೂರು ಎಂಬುದು ದೂರದ ಊರಾಗಿತ್ತು, ಮುಂಬಯಿ ಮಾತ್ರ ನೆರೆಮನೆಯಂತಿತ್ತು. ಪರೇಲಿನ ಚಾಳಿನಲ್ಲಿ ಒಬ್ಬ ಅಣ್ಣನೋ ಮಾವನೋ ಇರದ ಮನೆ ವಿರಳ. ಕಾಕಾ ಕೂಡ ಹದಿನೆಂಟನೆಯ ವಯಸ್ಸಿನಲ್ಲಿ ಅಣ್ಣನ ಬೆನ್ನುಹತ್ತಿ ಪರೇಲಿಗೆ ಹೋದವರು. ಅಲ್ಲಿ ಎರಡು ವರ್ಷ ಗಿರಣಿ ಕೆಲಸ ಕಲಿತರೆಂದು ಅವರ ತಂದೆ ಹೇಳುತ್ತಿದ್ದರು. ಕಲಿತದ್ದು ಫುಟ್‌ಬಾಲ್ ನೋಡುವುದನ್ನು ಎಂದು ಕಾಕಾ ಹೇಳುತ್ತಿದ್ದರು.

ಕೂಪರೇಜ್ ಮೈದಾನದಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಆಗಿನ ಕಾಲಕ್ಕೆ ದೊಡ್ಡ ಉತ್ಸವ. 1950ರಿಂದ 1954ರವರೆಗೆ ಸತತ ಐದು ವರ್ಷ ಅದನ್ನು ಗೆದ್ದ ತಂಡ ಹೈದರಾಬಾದ್ ಪೊಲೀಸ್. ಅದನ್ನು ತರಬೇತುಗೊಳಿಸಿದ ಸಯ್ಯದ್ ಅಬ್ದುಲ್ ರಹೀಮ್ ಅವರೇ ಮುಂದೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ ಒಯ್ದರು. ಆ ಪೊಲೀಸರ ಆಟವನ್ನು ಕಾಕಾ ಕಣ್ಣಾರೆ ಕಂಡಿದ್ದರು. ಅದೇ ಕಪ್ಪನ್ನು 1937 ಹಾಗೂ 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಗೆದ್ದಿತ್ತು. ಗೋರಾ ಪಲ್ಟನ್ನುಗಳ ಸೊತ್ತಿನಂತಿದ್ದ ಆ ಕಪ್ಪಿಗೆ ಕೈಹಾಕಿದ ಮೊದಲ ಭಾರತೀಯ ತಂಡ ಅದು. ಈ ಕಥೆಯನ್ನು ಪರೇಲಿನ ಮುದುಕರು ಇನ್ನೂ ಹೇಳುತ್ತಿದ್ದರಂತೆ. ಬೆಂಗಳೂರು ಎಂಬ ಹೆಸರನ್ನು ಗೌರವದಿಂದ ಕೇಳಿದ್ದು ತಾನು ಅದೇ ಮೊದಲು ಎಂದು ಕಾಕಾ ನೆನೆಯುತ್ತಿದ್ದರು.

1956ರಲ್ಲಿ ಊರಿಗೆ ಮರಳಿ ನೂಲುವ ಖಾತೆಗೆ ಸೇರಿದರು. ಬರುವಾಗ ತಂದದ್ದು ಎರಡು ವಸ್ತು: ಒಂದು ಹಳೆಯ ಚರ್ಮದ ಚೆಂಡು, ಇನ್ನೊಂದು ಉದ್ದನೆಯ ಲೆಕ್ಕದ ಪುಸ್ತಕ. ಚೆಂಡು ಮೊದಲ ಮಳೆಗಾಲದಲ್ಲಿಯೇ ಕಮರಿಗೆ ಉರುಳಿ ನದಿಯ ಪಾಲಾಯಿತು. ಅನಂತರ ಗಿರಣಿಯ ಹತ್ತಿಯ ಕಸವನ್ನು ಉಂಡೆಮಾಡಿ, ನೂಲಿನಿಂದ ಬಿಗಿದು ಕಟ್ಟಿದ ಚೆಂಡಿನಲ್ಲಿ ಹುಡುಗರನ್ನು ಆಡಿಸುತ್ತಿದ್ದರು. ಬಾಲ್ಯದಲ್ಲಿ ನಾನೂ ಆ ಚೆಂಡನ್ನು ಒದ್ದವನು. ನೀರು ಕುಡಿದರೆ ಅದು ಕಲ್ಲಿನಷ್ಟು ಭಾರವಾಗುತ್ತಿತ್ತು.

ಲೆಕ್ಕದ ಪುಸ್ತಕ ಮಾತ್ರ ಉಳಿಯಿತು. ನಾನು ಹೇಳಹೊರಟಿದ್ದು ಅದರ ವಿಷಯವನ್ನೇ. ಯಾವುದೇ ದೊಡ್ಡ ಪಂದ್ಯದ ಮುನ್ನಾದಿನ ಕಾಕಾ ಆ ಪುಸ್ತಕದ ಎಡಪುಟದಲ್ಲಿ ತಮ್ಮ ಅಂದಾಜನ್ನು ಬರೆಯುತ್ತಿದ್ದರು: ಯಾರು ಗೆಲ್ಲುವರು, ಏಕೆ ಗೆಲ್ಲುವರು, ಮೈದಾನ ಒಣಗಿದೆಯೋ ತೊಯ್ದಿದೆಯೋ, ಯಾರು ರೈಲಿನಲ್ಲಿ ಎಷ್ಟು ದಿನ ಪಯಣಿಸಿ ಬಂದಿದ್ದಾರೆ. ಪಂದ್ಯ ಮುಗಿದು ಪತ್ರಿಕೆ ಕೈಸೇರಿದ ಮೇಲೆ ಬಲಪುಟದಲ್ಲಿ ಫಲಿತಾಂಶ. ಎಡ ಬಲ ಕೂಡದಿದ್ದಲ್ಲಿ ಕೆಂಪು ಪೆನ್ಸಿಲಿನ ಒಂದು ಗೀರು. ಪುಸ್ತಕದಲ್ಲಿ ಕೆಂಪು ಗೀರುಗಳೇ ಹೆಚ್ಚು ಎಂಬುದನ್ನು ಅವರ ಬಗ್ಗೆ ಎಷ್ಟೇ ಗೌರವವಿದ್ದರೂ ಹೇಳದಿರಲಾರೆ.

ಅದರ ಮುಖ್ಯ ವಿಷಯ ಸಂತೋಷ್ ಟ್ರೋಫಿ. ಈಗಿನ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಸಂಸ್ಥಾನದ ಮಹಾರಾಜರ ಹೆಸರಿನಲ್ಲಿ 1941ರಲ್ಲಿ ಆರಂಭವಾದ, ಪ್ರಾಂತಗಳ ನಡುವಿನ ಪಂದ್ಯಾವಳಿ ಇದು. ಬಂಗಾಳಿಗಳೇ ಆರಂಭಿಸಿದರು, ಮೊದಲ ಬಾರಿ ಗೆದ್ದವರೂ ಅವರೇ. ಅವರನ್ನು ಪದೇ ಪದೇ ಕಾಡಿದ ತಂಡಗಳಲ್ಲಿ ಮೈಸೂರು ಮುಖ್ಯವಾದುದು. 1946-47ರಲ್ಲಿ ಮತ್ತು 1952-53ರಲ್ಲಿ ಬೆಂಗಳೂರಿನಲ್ಲಿ ಬಂಗಾಳವನ್ನು ಸೋಲಿಸಿ ಮೈಸೂರು ಟ್ರೋಫಿಯನ್ನು ಎತ್ತಿತು. ಆ ಬಲ ಎಲ್ಲಿಂದ ಬಂತು ಎಂದರೆ ದಂಡಿನ ಪ್ರದೇಶದಿಂದ. ಸೈನಿಕರು ಆಡುವುದನ್ನು ಬೇಲಿಯಾಚೆ ನಿಂತು ನೋಡಿ ಕಲಿತ ಹಲಸೂರು, ಮರ್ಫಿ ಟೌನ್, ಗೌತಮಪುರದ ಬಡ ಮಕ್ಕಳು ಬರಿಗಾಲಿನಲ್ಲಿ ಆ ಆಟವನ್ನು ಕರಗತಮಾಡಿಕೊಂಡರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಪರವಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ಮುಂದೆ ಅವರು ಈಸ್ಟ್ ಬೆಂಗಾಲಿಗೆ ಹೋಗಿ, ಅಲ್ಲಿನ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿ 'ಪಂಚಪಾಂಡವ'ರೆಂದು ಹೆಸರಾದರು. ನಮ್ಮ ಉತ್ತಮರು ಕಲಕತ್ತೆಗೆ ಹೋಗುವುದು ಅಂದಿನಿಂದಲೇ ನಡೆದುಬಂದ ಪದ್ಧತಿ.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಈ ಎರಡು ವಿಜಯಗಳಾದಾಗ ಬೆಳಗಾವಿ ಜಿಲ್ಲೆ ಮೈಸೂರಿನಲ್ಲಿ ಇರಲೇ ಇಲ್ಲ. ನಾವು ಮುಂಬಯಿ ಪ್ರಾಂತದವರು. 1954-55ರಲ್ಲಿ ಮುಂಬಯಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಾಗ ಕಾಕಾನ ಪುಸ್ತಕದ ಬಲಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಇರುವುದು 'ನಮ್ಮವರು ಗೆದ್ದರು' ಎಂಬ ಎರಡೇ ಪದ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಏಕೀಕರಣಕ್ಕಾಗಿ ಹೋರಾಡಿದ ನಾಡಿನ ಮಂದಿಗೆ ಅದು ಹಬ್ಬವೇ ಸರಿ. ಆದರೆ ಅಭಿಮಾನಿಯ ಹೃದಯ ಗೆಜೆಟ್ಟಿನ ಪ್ರಕಟಣೆಯನ್ನು ಓದಿ ಬದಲಾಗುವುದಿಲ್ಲ.

1967-68ರಲ್ಲಿ ಕಟಕ್‌ನಲ್ಲಿ ಮೈಸೂರು ಒಂದೇ ಗೋಲಿನಿಂದ ಬಂಗಾಳವನ್ನು ಮಣಿಸಿತು. ಮರುವರ್ಷ, 1968-69ರಲ್ಲಿ, ಬೆಂಗಳೂರಿನಲ್ಲಿ ಮತ್ತೆ ಅದೇ ಬಂಗಾಳ, ಮತ್ತೆ ಅದೇ ಒಂದು ಗೋಲಿನ ಅಂತರ. ಆಗ ನಾನು ಶಿಕ್ಷಕರ ತರಬೇತಿಯಲ್ಲಿದ್ದೆ. ರಜೆಗೆ ಬಂದವನು ಹುಬ್ಬಳ್ಳಿಯಿಂದ ಬಂದ ಸಂಯುಕ್ತ ಕರ್ನಾಟಕವನ್ನು ಹಿಡಿದು ಓಡಿಹೋಗಿ, "ಕಾಕಾ, ಎರಡನೇ ಸಲ ಗೆದ್ದೇವಿ!" ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಬಲಪುಟದಲ್ಲಿ 'ಮೈಸೂರು' ಎಂದಷ್ಟೇ ಬರೆದು ಪುಸ್ತಕ ಮುಚ್ಚಿದರು. ನಾನು ಕೆಣಕಿದಾಗ, "ಗೆದ್ದಾರ, ಚಲೋ ಆತು. ಆದ್ರ ಹೆಸರು ನಮ್ದಲ್ಲಲ್ಲೋ ತಮ್ಮಾ" ಎಂದರು. ನನಗೆ ಸಿಟ್ಟು ಬಂತು. ಏಕೀಕರಣವಾಗಿ ಹನ್ನೆರಡು ವರ್ಷಗಳಾದರೂ ಹೀಗೆನ್ನುವುದು ಸರಿಯೇ ಎಂದು ವಾದಿಸಿದೆ. ಅವರು ವಾದಕ್ಕೆ ಬರಲಿಲ್ಲ. ಗಿರಣಿಯ ಭೋಂಗಾ ಕೂಗಿತು, ಪಾಳಿಗೆ ಹೊರಟುಹೋದರು.

1970-71ರ ಅಂತಿಮ ಪಂದ್ಯದಲ್ಲಿ ಮೈಸೂರು ಪಂಜಾಬಿನೆದುರು ಸೋತಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಆ ದಿನ ಕಾಕಾ ತಾವಾಗಿಯೇ ನನ್ನ ಮನೆಗೆ ಬಂದು, "ಇನ್ನ ಮ್ಯಾಲೆ ಅದು ನನ್ನ ಟೀಮ್ ನೋಡ್ರಿ ಮಾಸ್ತರ" ಎಂದು ಹೇಳಿ ಹೋದರು. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿದ್ದೆನಾದ್ದರಿಂದ ತಮ್ಮಾ ಎಂಬುದು ಮಾಸ್ತರ ಎಂದಾಗಿತ್ತು.

ವಿಧಿಯ ವಿನೋದವನ್ನು ನೋಡಿ. ಹೆಸರು ಬದಲಾದ ಅದೇ ಋತುವಿನಲ್ಲಿ, 1973-74ರಲ್ಲಿ, ಕರ್ನಾಟಕದ ಕ್ರಿಕೆಟ್ ತಂಡ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರ ಬಲದಿಂದ ಹದಿನೈದು ವರ್ಷಗಳ ಮುಂಬಯಿ ಪ್ರಾಬಲ್ಯವನ್ನು ಮುರಿದು ಮೊದಲ ರಣಜಿ ಟ್ರೋಫಿಯನ್ನು ಗೆದ್ದಿತು. ಹೊಸ ಹೆಸರು ಕ್ರಿಕೆಟ್ಟಿಗೆ ಒಲಿಯಿತು. ಫುಟ್‌ಬಾಲಿಗೋ, 1975-76ರಲ್ಲಿ ಕೋಯಿಕ್ಕೋಡಿನಲ್ಲಿ ಒಮ್ಮೆ ಅಂತಿಮ ಪಂದ್ಯವನ್ನು ತಲುಪಿ ಬಂಗಾಳಕ್ಕೆ ಸೋತದ್ದೇ ಕೊನೆ. ಕಾಕಾನ ಎಡಪುಟದಲ್ಲಿ ಆ ಪಂದ್ಯಕ್ಕೆ ಒಂದೂವರೆ ಪುಟದ ಬರಹವಿದೆ. ಬಲಪುಟದಲ್ಲಿ ಕೆಂಪು ಗೀರು, ಅದೂ ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.

ಆಮೇಲಿನ ನಲವತ್ತೇಳು ವರ್ಷ ಕರ್ನಾಟಕ ಅಂತಿಮ ಪಂದ್ಯದ ಮುಖ ನೋಡಲಿಲ್ಲ. ಏಕೆ ಎಂಬುದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ಎಚ್‌ಎಎಲ್, ಐಟಿಐಗಳಂಥ ಸರಕಾರಿ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದವು, ಆ ನೌಕರಿಗಳು ಕಡಿಮೆಯಾದವು. ಕ್ರಿಕೆಟ್ ಎಲ್ಲವನ್ನೂ ನುಂಗಿತು. ನನ್ನ ಅಭಿಪ್ರಾಯದಲ್ಲಿ ಇನ್ನೊಂದು ಕಾರಣವೂ ಇದೆ: ಆಟವು ಬೆಂಗಳೂರಿನ ಕೆಲವು ಬಡಾವಣೆಗಳನ್ನು ದಾಟಿ ಇಡೀ ನಾಡಿನ ಆಟವಾಗಲಿಲ್ಲ. ನಮ್ಮಿಂದ ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಅಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡಗಳಾಗಿವೆ. ಪಾಟಾಕಡೀಲ್ ತಾಲೀಮು, ದಿಲ್‌ಬಹಾರ್ ತಾಲೀಮು ಎಂದರೆ ಓಣಿ ಓಣಿಯೇ ಎದ್ದು ರಾಜರ್ಷಿ ಶಾಹೂ ಮೈದಾನಕ್ಕೆ ನಡೆಯುತ್ತದೆ. ಗರಡಿಮನೆಗಳು ನಮ್ಮಲ್ಲೇನು ಕಡಿಮೆಯಿದ್ದವೇ? ಈ ಪ್ರಶ್ನೆಯನ್ನು ಕಾಕಾ ಪ್ರತಿ ವರ್ಷ ಕೇಳುತ್ತಿದ್ದರು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋದಾಗ ಅವರು ಸಂತೋಷಪಟ್ಟರು. ಆದರೆ ಪುಸ್ತಕದಲ್ಲಿ ಬರೆಯಲಿಲ್ಲ. "ಅದು ಕಂಪನಿ ಟೀಮು. ಇದು ರಾಜ್ಯದ್ದು" ಎಂಬುದು ಅವರ ಸಮಾಧಾನ.

2023ರ ಮಾರ್ಚ್ 4, ಶನಿವಾರ. ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳು ಮೊದಲ ಬಾರಿಗೆ ವಿದೇಶದಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಏರ್ಪಾಡಾಗಿದ್ದವು. ಉಪಾಂತ್ಯದಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿದ ಕರ್ನಾಟಕಕ್ಕೆ ಅಂತಿಮದಲ್ಲಿ ಎದುರಾಳಿ ಮೇಘಾಲಯ. ಬೆಳಿಗ್ಗೆ ಕಾಕಾ ಮೊಮ್ಮಗನಿಂದ ಹೇಳಿ ಕಳಿಸಿದರು. ಎಂಬತ್ತೇಳರ ಹತ್ತಿರದ ವಯಸ್ಸು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ನದಿ ಬೇಸಿಗೆಯ ಬಿಳಿ ಗೆರೆಯಾಗಿತ್ತು, ತೂಗುಸೇತುವೆಯ ಕೆಳಗೆ ಬಂಡೆಗಳೇ ಕಾಣುತ್ತಿದ್ದವು. ನಾನು ಪತ್ರಿಕೆ ಹಿಡಿದು ಹೋದೆ. ಆ ದಿನ ಎಲ್ಲರ ಬಾಯಲ್ಲಿ ಇದ್ದದ್ದು ಬೇರೆಯದೇ ಪಂದ್ಯ. ಹಿಂದಿನ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ, ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದ. ಕೇರಳ ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ನಡೆದಿತ್ತು. ಆ ಗದ್ದಲದಲ್ಲಿ ರಿಯಾದ್ ಯಾರಿಗೆ ಬೇಕು?

"ಅದನ್ನ ಬಿಡ್ರಿ ಮಾಸ್ತರ, ಪುಸ್ತಕ ತಗೀರಿ" ಎಂದರು. ನಾನು ಬರೆಯಬೇಕು, ಅವರು ಹೇಳಬೇಕು. ಎಂಟು ಬಾರಿ ಗೆದ್ದ ಪಂಜಾಬನ್ನು ಮೇಘಾಲಯ ಉಪಾಂತ್ಯದಲ್ಲಿ ಉರುಳಿಸಿದೆ, ಮೊದಲ ಅಂತಿಮ ಪಂದ್ಯವಾದ್ದರಿಂದ ಕಳೆದುಕೊಳ್ಳುವ ಭಯವಿಲ್ಲ, ಗುಡ್ಡದ ಹುಡುಗರಿಗೆ ದಮ್ಮು ಹೆಚ್ಚು. ಕರ್ನಾಟಕ ಅರ್ಧ ವೇಳೆಗೆ ಮುಂಚೆಯೇ ಗೋಲು ಹೊಡೆದಿಟ್ಟುಕೊಳ್ಳದಿದ್ದರೆ ಕಷ್ಟ. ಹೀಗೆ ಅರ್ಧ ಪುಟ ಬರೆಸಿದರು. ತಂಡದ ಪಟ್ಟಿ ಓದುವಾಗ ಬೇಕಿ ಓರಾಮ್, ರಾಬಿನ್ ಯಾದವ್ ಎಂಬ ಹೆಸರುಗಳು ಬಂದವು. ಹೆಸರು ನಮ್ಮದಲ್ಲ ಎಂದಿದ್ದ ಹಳೆಯ ಮಾತನ್ನು ನಾನು ಬೇಕೆಂದೇ ನೆನಪಿಸಿದೆ. ಕಾಕಾ ನಕ್ಕರು. "ಗಿರಣಿಯೊಳಗ ದುಡದಾಂವ ಎಲ್ಲಿಂದ ಬಂದ್ರೂ ಗಿರಣಿಯಾಂವನ. ಆವಾಗ ನನಗ ತಿಳೀಲಿಲ್ಲ" ಎಂದರು. ಕೊನೆಗೆ ಅಂದಾಜು: ಕರ್ನಾಟಕ, 2-1. ಬರೆದು ಮುಗಿಸಿದ ಮೇಲೆ ನನ್ನ ಕೈ ಹಿಡಿದು, "ಸೋತ್ರ ಮುಂಜಾನೆ ಮಟಾ ನನಗ ಹೇಳಬ್ಯಾಡ್ರಿ" ಎಂದರು.

ಪಂದ್ಯವನ್ನು ಮೊಮ್ಮಗನ ಮೊಬೈಲಿನಲ್ಲಿ ನೋಡಿದೆವು. ಕಾಕಾ ಹೊರಗಿನ ಕಟ್ಟೆಯ ಮೇಲೆ ಕುಳಿತರು, ಒಳಗೆ ಬರಲೊಪ್ಪಲಿಲ್ಲ. ಮೊದಲ ನಿಮಿಷಗಳಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದ. ಹುಡುಗ ಕಿರುಚಿದ. ಹತ್ತು ನಿಮಿಷವಾಗುವಷ್ಟರಲ್ಲಿ ಮೇಘಾಲಯ ಪೆನಾಲ್ಟಿಯಿಂದ ಸಮಮಾಡಿತು. ಓರಾಮ್ ಎರಡನೆಯದನ್ನು, ವಿರಾಮಕ್ಕೆ ಮುನ್ನ ಯಾದವ್ ಮೂರನೆಯದನ್ನು ಹೊಡೆದರು. ಅರ್ಧ ವೇಳೆಗೆ 3-1. ಒಂದು ಗಂಟೆಯ ಆಟವಾದಾಗ ಮೇಘಾಲಯ ಇನ್ನೊಂದನ್ನು ತೀರಿಸಿ 3-2 ಮಾಡಿತು. ಮುಂದಿನ ಅರ್ಧ ಗಂಟೆ ನಾವು ಯಾರೂ ಸದ್ದು ಮಾಡಲಿಲ್ಲ. ಒಳಗಿನ ಮೌನವನ್ನು ಕೇಳಿ ಕಾಕಾ ಸೋತೆವೆಂದೇ ತಿಳಿದರಂತೆ. ಕೊನೆಯ ಸೀಟಿ ಊದಿದ ಮೇಲೆ ನಾನು ಹೊರಗೆ ಹೋಗಿ ಹೇಳಿದಾಗಲೂ ಒಡನೆ ನಂಬಲಿಲ್ಲ. ಮೊಮ್ಮಗನನ್ನು ಕರೆದು ಇನ್ನೊಮ್ಮೆ ಕೇಳಿದರು. ಐವತ್ತನಾಲ್ಕು ವರ್ಷಗಳ ಬಳಿಕ ಐದನೆಯ ಬಾರಿ. ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲನೆಯ ಬಾರಿ.

ಪುಸ್ತಕ ತರಿಸಿ ಬಲಪುಟದಲ್ಲಿ 3-2 ಎಂದು ಬರೆದೆ. ಅಂದಾಜು 2-1 ಇದ್ದುದರಿಂದ ಕೆಂಪು ಗೀರು ಎಳೆಯಬೇಕೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಎಳೀರಿ. ಲೆಕ್ಕ ಲೆಕ್ಕನ" ಎಂದರು. ಎಳೆದೆ. ಅದರ ಕೆಳಗೆ, 1955ರ ಪುಟದಲ್ಲಿರುವ ಅದೇ ಎರಡು ಪದಗಳನ್ನು ಬರೆಯಹೇಳಿದರು.

ಆ ವರ್ಷದ ಮಳೆಗಾಲದಲ್ಲಿ, ಜಲಪಾತ ತುಂಬಿ ಸುರಿಯುತ್ತಿದ್ದ ಸಮಯದಲ್ಲಿ, ಕಾಕಾ ತೀರಿಕೊಂಡರು. ಪುಸ್ತಕ ಈಗ ಮೊಮ್ಮಗನ ಹತ್ತಿರ ಕೊಣ್ಣೂರಿನ ಮನೆಯಲ್ಲಿದೆ. ನೋಡಬಯಸುವವರು ನನಗೆ ತಿಳಿಸಿದರೆ ಅವನನ್ನು ಕೇಳಿ ಏರ್ಪಾಡು ಮಾಡುತ್ತೇನೆ. ಬೈಂಡು ಸಡಿಲವಾಗಿದೆ, ಹುಷಾರಾಗಿ ತಿರುವಿಹಾಕಬೇಕು.