ಹಸುಗೂಸಿನ ತಲೆ ಊತ: ಯಾವುದು ತಾನಾಗೇ ಇಳಿಯುತ್ತೆ, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ಮಂಡ್ಯ: ಹೆರಿಗೆ ವಾರ್ಡಿಗೆ ಮಗು ನೋಡಲು ಬಂದವರು ‘ಗಂಡೋ, ಹೆಣ್ಣೋ’ ಆದ ಮೇಲೆ ಕೇಳುವ ಮಾತು ‘ತಲೆ ಯಾಕೆ ಹಿಂಗೈತೆ?’ ಎಂಬುದು. ಬಹಳ ಸಲ ಅದಕ್ಕೆ ಗಾಬರಿ ಬೇಕಿಲ್ಲ. ಆದರೆ ಒಂದು ಬಗೆಯ ಊತ ಮಾತ್ರ ಕೆಲವೇ ಗಂಟೆಗಳಲ್ಲಿ ಮಗುವಿನ ಜೀವಕ್ಕೆ ಬರುತ್ತೆ.

ಹುಟ್ಟುವಾಗಲೇ ನೆತ್ತಿ ಮೇಲೆ ಮೆತ್ತಗೆ ಊದಿಕೊಂಡಿದ್ದರೆ ಅದು ಕ್ಯಾಪಟ್. ಹೆರಿಗೆ ದಾರಿಯ ಒತ್ತಡಕ್ಕೆ ಚರ್ಮದಡಿ ನೀರು ಸೇರಿರುತ್ತೆ, ಎರಡು ಮೂರು ದಿನದಲ್ಲಿ ಇಳಿಯುತ್ತೆ. ಇನ್ನೊಂದು ಸೆಫಲ್‌ಹೆಮಟೋಮ. ಇದು ಹುಟ್ಟಿದ ಕೆಲ ಗಂಟೆಗಳ ನಂತರ, ಇಲ್ಲವೇ ಮಾರನೇ ದಿನ ತಲೆಯ ಒಂದು ಬದಿಯಲ್ಲಿ ಗುಂಡಗೆ ಕಾಣುವ ರಕ್ತದ ಗಂಟು. ಬುರುಡೆಯ ಎಲುಬುಗಳು ಕೂಡುವ ಗೆರೆಯನ್ನು ಇದು ದಾಟುವುದಿಲ್ಲ. ಕರಗಲು ವಾರಗಟ್ಟಲೆ, ಕೆಲವೊಮ್ಮೆ ಮೂರು ತಿಂಗಳು ಬೇಕು. ಸೂಜಿ ಹಾಕಿ ತೆಗೆಸಬಾರದು, ಸೋಂಕು ಹತ್ತುತ್ತೆ. ಕರಗುವಾಗ ಕಾಮಾಲೆ ಏರುವುದುಂಟು, ಹಾಗಾಗಿ ಕಣ್ಣು, ಮೈ ಹಳದಿಯಾದರೆ ತೋರಿಸಬೇಕು.

ಭಯ ಪಡಬೇಕಾದ್ದು ಮೂರನೆಯದಕ್ಕೆ, ಸಬ್‌ಗೇಲಿಯಲ್ ರಕ್ತಸ್ರಾವಕ್ಕೆ. ಇದು ಅಪರೂಪ. ವ್ಯಾಕ್ಯೂಮ್ ಹಾಕಿ ಎಳೆದ ಹೆರಿಗೆಯಲ್ಲಿ ಹೆಚ್ಚು, ಸಹಜ ಹೆರಿಗೆಯಲ್ಲೂ ಆಗದೆ ಇಲ್ಲ. ತಲೆಚರ್ಮದ ಪದರ ಮತ್ತು ಎಲುಬಿನ ನಡುವಿನ ಸಡಿಲ ಜಾಗಕ್ಕೆ ರಕ್ತ ಇಳಿಯುತ್ತೆ, ತಡೆಯಲು ಗೋಡೆಯೇ ಇಲ್ಲ. ಮೂರು ಕೆಜಿ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿಲಿ, ಅಂದರೆ ಅರ್ಧ ಲೀಟರ್ ನಂದಿನಿ ಪ್ಯಾಕೆಟ್‌ನಲ್ಲಿ ಅರ್ಧ! ಅಷ್ಟೂ ರಕ್ತ ಆ ಜಾಗದಲ್ಲಿ ಹಿಡಿಸಬಲ್ಲದು. ತಲೆ ಸುತ್ತಳತೆ ಒಂದು ಸೆಂ.ಮೀ. ಏರಿದರೆ ಸುಮಾರು 40 ಮಿಲಿ ರಕ್ತ ಹೋಗಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಮುಟ್ಟಿದರೆ ನೀರು ತುಂಬಿದ ಚೀಲದಂತೆ ಅಲುಗುತ್ತೆ, ಮಗುವನ್ನು ಯಾವ ಕಡೆ ಮಲಗಿಸಿದರೆ ಆ ಕಡೆ ಜಾರುತ್ತೆ. ಕತ್ತಿನ ಹಿಂಭಾಗ, ಹಣೆ, ಕಣ್ಣ ರೆಪ್ಪೆವರೆಗೂ ಹಬ್ಬುತ್ತೆ, ಕಿವಿ ಮುಂದಕ್ಕೆ ತಳ್ಳಿದಂತೆ ಕಾಣುತ್ತೆ. ಜತೆಗೆ ಮಗು ಬಿಳಿಚಿಕೊಳ್ಳುವುದು, ಉಸಿರು ಜೋರಾಗುವುದು, ಮೊಲೆ ಹಿಡಿಯದೆ ತೂಕಡಿಸುವುದು. ಊತ ಚಿಕ್ಕದಾಗಿ ಶುರುವಾಗಿ ಎರಡು ಮೂರು ದಿನದವರೆಗೂ ಬೆಳೆಯಬಹುದು. ವ್ಯಾಕ್ಯೂಮ್ ಹೆರಿಗೆಯಾದವರು ‘ಮನೇಲಿ ನೋಡ್ಕೋತೀವಿ’ ಅಂತ ಬೇಗ ಡಿಸ್ಚಾರ್ಜ್ ಕೇಳುವುದು ಜಾಣತನವಲ್ಲ.

ಚಿಕಿತ್ಸೆ ಆಸ್ಪತ್ರೆಯಲ್ಲೇ: ಡ್ರಿಪ್, ರಕ್ತ, ಹೆಪ್ಪುಗಟ್ಟಿಸುವ ಪ್ಲಾಸ್ಮಾ, ಗಂಟೆಗಂಟೆಗೂ ತಲೆ ಅಳತೆ. ಮಳವಳ್ಳಿ, ಮದ್ದೂರು ಕಡೆಯವರು 108ಕ್ಕೆ ಕರೆ ಮಾಡುವಾಗಲೇ ‘ಹಸುಗೂಸು, ತಲೆಯೊಳಗೆ ರಕ್ತಸ್ರಾವದ ಅನುಮಾನ’ ಎಂದು ಹೇಳಬೇಕು. ಮಂಡ್ಯದ ಮಿಮ್ಸ್ ಇದೆ, ಮೈಸೂರಿನ ಚೆಲುವಾಂಬ ಇದೆ. ಬೈಕಿನಲ್ಲಿ ಹೊರಡಬೇಡಿ. ಮಗುವನ್ನು ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗಿಡಿ, ಊತ ಅಮುಕಬೇಡಿ. ಖರ್ಚಿಗೆ ಹೆದರಿ ತಡ ಮಾಡುವವರಿಗೆ ಒಂದು ಮಾತು: ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಕಾಯಿಲೆ ಬಿದ್ದ ಹಸುಗೂಸಿಗೆ ಸರ್ಕಾರಿ ಆಸ್ಪತ್ರೆಯ ಔಷಧಿ, ರಕ್ತ, ಸಾಗಣೆ ಎಲ್ಲ ಉಚಿತ.

ತಲೆ ಮೇಲೆ ಬರೀ ಗೀರು ಬಿದ್ದು ರಕ್ತ ಒಸರುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಸಾಕು. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ನಿಲ್ಲದಿದ್ದರೆ, ಇಲ್ಲವೇ ಹೊಕ್ಕುಳಿಂದಲೂ ರಕ್ತ ಬಂದರೆ ವಿಟಮಿನ್ ‘ಕೆ’ ಕೊರತೆ ಇರಬಹುದು, ಕೂಡಲೇ ವೈದ್ಯರ ಬಳಿ ಹೋಗಿ. ಹುಟ್ಟಿದ ಕೂಡಲೇ ತೊಡೆಗೆ ಕೊಡುವ 1 ಮಿ.ಗ್ರಾಂ ಚುಚ್ಚುಮದ್ದು ಇದಕ್ಕೇ ಇರುವುದು. ಮನೆಯಲ್ಲೋ ದಾರಿಯಲ್ಲೋ ಹೆರಿಗೆಯಾದ ಮಕ್ಕಳಿಗೆ ಅದು ತಪ್ಪಿರುತ್ತೆ, ಕೇಳಿ ಹಾಕಿಸಬೇಕು.

ತಲೆ ದುಂಡಗಾಗಲಿ ಅಂತ ಎಣ್ಣೆ ಹಚ್ಚಿ ತಿಕ್ಕುವ ಅಜ್ಜಿಯರಿಗೂ, ಊತಕ್ಕೆ ಮುಲಾಮು ಕೊಡುವ ಮೆಡಿಕಲ್ ಶಾಪಿನವರಿಗೂ ಇದು ಗೊತ್ತಿರಲಿ: ಊತವಿರುವ ತಲೆಗೆ ತಿಕ್ಕುವುದೂ ಬೇಡ, ಶಾಖವೂ ಬೇಡ, ಮುಲಾಮೂ ಬೇಡ. ಆಶಾ ಕಾರ್ಯಕರ್ತೆ 3 ಮತ್ತು 7ನೇ ದಿನ ಮನೆಗೆ ಬಂದಾಗ ಟೋಪಿ ತೆಗೆದು ಮಗುವಿನ ತಲೆ ತೋರಿಸಿ.