ಎಕ್ಸೊಕಾರ್ಟಿಸ್ ರೋಗ

ನಿಂಬೆ ಕುಲದ ಗಿಡಗಳಿಗೆ ವೈರಾಯ್ಡಿನಿಂದ ತಗಲುವ, ಬೇರುಸಸಿಯ ತೊಗಟೆ ಸೀಳಿ ಚಕ್ಕೆಯಾಗಿ ಏಳುವ, ಮರದ ಬೆಳವಣಿಗೆ ಕುಂಠಿತವಾಗುವ ರೋಗ. ಅಮೆರಿಕದ ಫಾಸೆಟ್ ಮತ್ತು ಕ್ಲಾಟ್ಸ್ 1948ರಲ್ಲಿ ಇದನ್ನು ವಿವರಿಸಿದರು. ಕಾರಣ ವೈರಸ್ ಅಲ್ಲ, ವೈರಾಯ್ಡ್ ಎಂಬುದು 1972ರಲ್ಲಿ ತಿಳಿಯಿತು. ರೋಗಕಾರಕವು ಪ್ರೋಟೀನ್ ಕವಚವಿಲ್ಲದ, ಸುಮಾರು 371 ನ್ಯೂಕ್ಲಿಯೊಟೈಡುಗಳ ಉಂಗುರಾಕಾರದ ಆರ್‌ಎನ್‌ಎ.

ಮೂರೆಲೆ ಕಿತ್ತಳೆ, ಅದರ ಮಿಶ್ರತಳಿಯಾದ ಸಿಟ್ರೇಂಜ್ ಹಾಗೂ ರಂಗಪುರ ನಿಂಬೆಯ ಬೇರುಸಸಿಗಳಲ್ಲಿ ಲಕ್ಷಣ ಸ್ಪಷ್ಟ. ಮೋಸಂಬಿ, ಕಿತ್ತಳೆ, ಗ್ರೇಪ್‌ಫ್ರೂಟ್ ಗಿಡಗಳು ಸಾಮಾನ್ಯವಾಗಿ ಯಾವ ಗುರುತೂ ತೋರದೆ ಸೋಂಕನ್ನು ಹೊತ್ತಿರುತ್ತವೆ. ರೋಗ ಹರಡುವುದರಲ್ಲಿ ಇದೇ ಎಲ್ಲಕ್ಕಿಂತ ಅಪಾಯಕರ ಅಂಶ. ಟೊಮೆಟೊ, ಬದನೆ, ಪೆಟೂನಿಯಾ, ಸೇವಂತಿಗೆ, ಗೈನುರಾ ಗಿಡಗಳಿಗೂ ಇದು ತಗಲಬಲ್ಲದು.

ಪತ್ತೆಗೆ ಎಟ್ರಾಗ್ ಮಾದಲದ ಗಿಡ ಸೂಚಕ. ಶಂಕಿತ ಮರದ ಕಣ್ಣನ್ನೋ ತೊಗಟೆಯ ತುಂಡನ್ನೋ ಅದಕ್ಕೆ ಕಸಿಮಾಡಿ ಬೆಚ್ಚನೆಯ ವಾತಾವರಣದಲ್ಲಿ ಇರಿಸಿದರೆ ಎಲೆಗಳು ಕೆಳಮುಖವಾಗಿ ಸುರುಳುತ್ತವೆ, ನಡುನರ ಕಂದಾಗುತ್ತದೆ, ಗಿಡ ಗಿಡ್ಡವಾಗುತ್ತದೆ. ಇತರ ಸಿಟ್ರಸ್ ವೈರಾಯ್ಡುಗಳೂ ಮಾದಲದಲ್ಲಿ ಲಕ್ಷಣ ತೋರಿಸುವುದರಿಂದ ಆರ್‌ಟಿ-ಪಿಸಿಆರ್ ಅಥವಾ ಆರ್‌ಎನ್‌ಎ ಹೈಬ್ರಿಡೀಕರಣದಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ. ಕಿತ್ತಳೆಯಲ್ಲಿ ಅಂಟು ಒಸರುವ ಕ್ಯಾಕೆಕ್ಸಿಯಾ ಬೇರೆ ರೋಗ. ಅದರ ಮೂಲ ಹಾಪ್ ಸ್ಟಂಟ್ ವೈರಾಯ್ಡ್.

ಸೋಂಕು ಹರಡುವುದು ಮುಖ್ಯವಾಗಿ ಕಸಿಕಡ್ಡಿ, ಕಸಿ ಚಾಕು ಮತ್ತು ಸವರುವ ಕತ್ತರಿಗಳಿಂದ. ಸೋಂಕಿತ ಮರಕ್ಕೆ ತೋಟದಲ್ಲಿ ಚಿಕಿತ್ಸೆಯಿಲ್ಲ. ತುದಿಕುಡಿಯ ಸೂಕ್ಷ್ಮಕಸಿಯಿಂದ ವೈರಾಯ್ಡ್‌ಮುಕ್ತ ತಾಯಿಗಿಡ ಪಡೆಯಬಹುದು. ಉಪಕರಣಗಳನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಶುದ್ಧಿಗೊಳಿಸಬೇಕು. ಕೊಡಗಿನ ಕಿತ್ತಳೆಗೂ ರಂಗಪುರ ನಿಂಬೆಯನ್ನು ಬೇರುಸಸಿಯಾಗಿ ಬಳಸುವುದುಂಟು; ಹಾಗಾಗಿ ಅಲ್ಲಿ ಪರೀಕ್ಷಿಸಿದ ಕಸಿಕಡ್ಡಿಯ ಬಳಕೆ ಮುಖ್ಯವಾಗುತ್ತದೆ.