ಜೀರಿಗೆ ಬೆರೆತ ಖಾರದ ಪುಡಿ

ನಾನು ಹಾವೇರಿ ಕಡೆಯವಳು. ಮೆಣಸಿನಕಾಯಿ ಎಂದರೆ ಬ್ಯಾಡಗಿ, ಖಾರದ ಪುಡಿ ಎಂದರೆ ಅದನ್ನು ಒಣಗಿಸಿ ಕುಟ್ಟಿದ್ದು, ಅಷ್ಟೇ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮಗಳ ಮನೆಯಲ್ಲಿದ್ದಾಗ ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚಿ, ಅಂಗಡಿಯಿಂದ ‘ಚಿಲಿ ಪೌಡರ್’ ಸೀಸೆ ತಂದು ಪೂರ್ತಿ ಸುರಿದೆ. ಮರುದಿನ ಒಂದು ಹೋಳು ಬಾಯಿಗಿಟ್ಟ ಮಗಳು ಮುಖ ಕಿವಿಚಿದಳು: “ಅವ್ವಾ, ಇದರಾಗ ಬಳ್ಳೊಳ್ಳಿ, ಜೀರಿಗಿ ಯಾಕ ಹಾಕಿದಿ?”

ನಾನು ಹಾಕಿರಲಿಲ್ಲ. ಸೀಸೆಯ ಹಿಂದಿನ ಸಣ್ಣ ಅಕ್ಷರ ಓದಿದೆವು: ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ ಸೊಪ್ಪು. ಉಪ್ಪಿನಕಾಯಿ ಕೆಟ್ಟಿತು. ಆದರೆ ಈ ಪುಡಿ ಯಾರದು, ಎಲ್ಲಿಂದ ಬಂತು ಎಂಬ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಮೆಣಸಿನಕಾಯಿಯ ತವರು ಮೆಕ್ಸಿಕೊ. ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕಡೆ ಬಂತು. ಜೀರಿಗೆ ಸ್ಪೇನಿನವರ ಜತೆ ಅತ್ತ ಹೋಯಿತು. ಆದರೂ ಮೆಕ್ಸಿಕೊದ ಹಳೆಯ ಅಡುಗೆಯಲ್ಲಿ ಜೀರಿಗೆಯ ಕೈ ಬಿಗಿ. ಅಲ್ಲಿ ಆಂಚೊ, ಗುವಾಹಿಯೊ, ಪಸಿಯಾ ಎಂದು ಒಣಮೆಣಸಿನಕಾಯಿಯಲ್ಲೇ ಹತ್ತಾರು ಬಗೆ, ಒಂದೊಂದು ಸಾರಿಗೆ ಒಂದೊಂದು. ಹೆಂಚಿನ ಮೇಲೆ ಬಿಸಿ ಮಾಡಿ, ನೀರಲ್ಲಿ ನೆನೆಸಿ, ಇಳಿಜಾರಿನ ಕಲ್ಲಿನ ಮೇಲೆ ಅರೆಯುತ್ತಿದ್ದರು. ರೊಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ಬಿಡುತ್ತಾರೆ. ನಾವು ವೀಳ್ಯದೆಲೆಗೆ ಸವರುವ ಅದೇ ಸುಣ್ಣ. ಸಿಪ್ಪೆ ಬಿಡುತ್ತದೆ, ಹಿಟ್ಟು ಒಡೆಯದೆ ಕೂಡಿಕೊಳ್ಳುತ್ತದೆ, ಕಾಳಿನೊಳಗಿನ ಸತ್ವವೂ ಮೈಗೆ ಹತ್ತುತ್ತದೆ.

ಸ್ಯಾನ್ ಆಂಟೋನಿಯೊ ಮೊದಲು ಸ್ಪೇನಿನದು, 1821ರಿಂದ ಮೆಕ್ಸಿಕೊದ್ದು. 1836ರಲ್ಲಿ ಟೆಕ್ಸಾಸ್ ಬೇರೆಯಾಯಿತು, 1845ರಲ್ಲಿ ಅಮೆರಿಕ ಸೇರಿತು. ಊರಿನ ಮೆಕ್ಸಿಕನ್ ಮನೆಗಳು ಇದ್ದಲ್ಲೇ ಇದ್ದವು, ಬದಲಾದದ್ದು ಬಾವುಟ. ಒಲೆಯ ಮೇಲಿನದೂ ನಿಧಾನಕ್ಕೆ ಬದಲಾಯಿತು. ದನದ ಸೀಮೆಯಾದ್ದರಿಂದ ಗೋಮಾಂಸ ಹೆಚ್ಚಿತು, ಗೋಧಿ ರೊಟ್ಟಿ ಬಂತು, ಜೀರಿಗೆಯ ಕೈ ಸಡಿಲವಾಯಿತು.

ಈ ಅಡುಗೆಯನ್ನು ಊರಿಗೆಲ್ಲ ಉಣಿಸಿದವರು ಚೌಕದ ಹೆಂಗಸರು. ‘ಚಿಲಿ ಕ್ವೀನ್’ ಎಂದು ಅವರನ್ನು ಕರೆಯುತ್ತಿದ್ದರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕತ್ತಲಾಗುತ್ತಿದ್ದಂತೆ ಮಿಲಿಟರಿ ಪ್ಲಾಜಾದಲ್ಲಿ ಉದ್ದನೆಯ ಮೇಜು, ಲಾಟೀನು, ಸೌದೆ ಒಲೆ. ಮೆಣಸಿನಕಾಯಿಯ ಕೆಂಪು ಸಾರಿನಲ್ಲಿ ಕುದಿದ ಮಾಂಸ (ಇದೇ ಚಿಲಿ ಕಾನ್ ಕಾರ್ನೆ, ಚಿಕ್ಕದಾಗಿ ಚಿಲಿ), ಹುರುಳಿಕಾಳಿನಂಥ ಬೀನ್ಸ್, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನಂಥ ತಮಾಲೆ. ಅಲ್ಲಿ ನಗರಸಭೆಯ ಕಟ್ಟಡ ಎದ್ದಾಗ ಬೇರೆ ಚೌಕಕ್ಕೆ ಹೋದರು.

ಅಷ್ಟರಲ್ಲಿ ಹತ್ತಿರದ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ಹೋಟೆಲಿಟ್ಟಿದ್ದ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್‌ಗೆ ಒಂದು ಅಡಚಣೆ: ಮೆಣಸಿನಕಾಯಿ ವರ್ಷವಿಡೀ ಸಿಗದು. ಮೆಕ್ಸಿಕೊದಿಂದ ಆಂಚೊ ತರಿಸಿ, ಪುಡಿಮಾಡಿ, ಮಸಾಲೆ ಬೆರೆಸಿ ಸೀಸೆಗೆ ತುಂಬಿದ. 1890ರ ದಶಕದಲ್ಲಿ ‘ಈಗಲ್ ಬ್ರಾಂಡ್’ ಪುಡಿ ಮಾರಾಟಕ್ಕೆ ಬಂತು. ಚೌಕದ ಪರಿಮಳ ಹೀಗೆ ಅಮೆರಿಕದ ಮನೆಮನೆಗೆ ಸೀಸೆಯಲ್ಲಿ ಹೋಯಿತು. ನನ್ನ ಉಪ್ಪಿನಕಾಯಿ ಕೆಡಿಸಿದ ಪುಡಿ ಆ ವಂಶದ್ದೇ.

ಮೆಕ್ಸಿಕೊದವರಿಗೆ ಟೆಕ್ಸಾಸಿನ ಈ ಅಡುಗೆ ಹಿಡಿಸಲಿಲ್ಲ. ಫ್ರಾನ್ಸಿಸ್ಕೊ ಸಾಂತಾಮರಿಯಾ 1959ರ ತಮ್ಮ ನಿಘಂಟಿನಲ್ಲಿ ಚಿಲಿ ಕಾನ್ ಕಾರ್ನೆಯನ್ನು ಮೆಕ್ಸಿಕೊದ ಹೆಸರನ್ನು ಸುಳ್ಳಾಗಿ ಹೊತ್ತ ಅಸಹ್ಯ ತಿನಿಸು ಎಂದು ಜರಿದರು. ಅಡುಗೆ ಬರಹಗಾರ್ತಿ ಡಯಾನಾ ಕೆನಡಿಯವರ 1972ರ ಪುಸ್ತಕ ಮೆಕ್ಸಿಕೊದ ಪ್ರಾಂತೀಯ ಅಡುಗೆಗಳನ್ನು ಅಮೆರಿಕದ ಓದುಗರ ಮುಂದಿಟ್ಟಿತು. 2010ರಲ್ಲಿ ಯುನೆಸ್ಕೊ ಮಿಚೊವಕಾನ್ ಪ್ರಾಂತ್ಯವನ್ನು ಮಾದರಿಯಾಗಿಟ್ಟು ಮೆಕ್ಸಿಕೊದ ಸಾಂಪ್ರದಾಯಿಕ ಪಾಕಕ್ಕೆ ಮನ್ನಣೆ ಕೊಟ್ಟಿತು. ಅದು ಸಲ್ಲಬೇಕಾದ ಗೌರವವೇ.

ಆದರೆ ಟೆಕ್ಸಾಸಿನ ಅಡುಗೆಯನ್ನು ನಕಲಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಮಂಗಳೂರಿನ ಸಾರು ಹಾವೇರಿಯ ಸಾರಿನಂತಿಲ್ಲ. ಹಾಗೆಂದು ಯಾವುದು ಸುಳ್ಳು? ಚೌಕದ ಹೆಂಗಸರದು ಒಂದು ಸೀಮೆಯ ಅಡುಗೆ, ಸೀಸೆಯ ಪುಡಿ ಅದರ ಅಡ್ಡದಾರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

1930ರ ದಶಕದ ಕೊನೆಯಲ್ಲಿ ನಗರದ ಆರೋಗ್ಯ ನಿಯಮಗಳು ಆ ಹೆಂಗಸರನ್ನು ಚೌಕದಿಂದ ಎಬ್ಬಿಸಿದವು. ಮಹಾಯುದ್ಧದ ಹೊತ್ತಿಗೆ ಅವರ ವ್ಯಾಪಾರ ಮುಗಿದೇಹೋಯಿತು. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಅಷ್ಟು ಹೊತ್ತಿಗೆ ಅವರ ಒಲೆ ಆರಿ ಮೂವತ್ತು ವರ್ಷದ ಮೇಲಾಗಿತ್ತು.